ಪೌಡರ್ ಹಿಮದಲ್ಲಿ ಹಿಂದಕ್ಕೆ ವಾಲಬೇಡಿ

ಪೌಡರ್ ಹಿಮಕ್ಕೆ, ಅಂದರೆ ಆಗತಾನೇ ಬಿದ್ದ, ಯಾರೂ ಒತ್ತದ ಸಡಿಲ ಹಿಮಕ್ಕೆ, ಸ್ಕೀ ಹಾಕಿಕೊಂಡು ಮೊದಲ ಸಲ ಇಳಿಯುವವರಿಗೆ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: ‘ಭಾರ ಹಿಂದಕ್ಕೆ ಹಾಕಿ ನಿಲ್ಲಿ, ಇಲ್ಲದಿದ್ದರೆ ಸ್ಕೀ ತುದಿ ಹಿಮದೊಳಗೆ ನುಗ್ಗಿ ಮುಗ್ಗರಿಸುತ್ತೀರಿ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಪೌಡರ್ ಕಲಿಯುವವರನ್ನು ಇಷ್ಟು ಕಷ್ಟಕ್ಕೆ ನೂಕಿದ ಸಲಹೆ ಇನ್ನೊಂದು ಇರಲಿಕ್ಕಿಲ್ಲ. ಗ್ರೂಮ್ ಮಾಡಿದ, ಅಂದರೆ ಯಂತ್ರ ಓಡಿಸಿ ಹಿಮ ಒತ್ತಿದ ಇಳಿಜಾರಿನಲ್ಲಿ ಚಂದವಾಗಿ, ಸಲೀಸಾಗಿ ಬರುವವರು ಕೂಡ ಮೊಣಕಾಲುದ್ದ ಹಿಮ ಕಂಡ ಕೂಡಲೇ ಸೊಂಟ ಹಿಂದಕ್ಕೆ ಹಾಕಿ ಕುಕ್ಕರಿಸುತ್ತಾರೆ. ನಾಲ್ಕು ಟರ್ನ್ (ತಿರುವು) ಆಗುವಷ್ಟರಲ್ಲಿ ತೊಡೆ ಉರಿಯಲು ಶುರುವಾಗುತ್ತದೆ, ಸ್ಕೀ ಹೇಳಿದ ಮಾತು ಕೇಳುವುದಿಲ್ಲ, ಆಮೇಲೆ ‘ಪೌಡರ್ ನನಗೆ ಆಗಿಬರಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆಗಿಬರುತ್ತದೆ. ನಿಲ್ಲುವ ಜಾಗ ಬದಲಾಗಬೇಕು, ಅಷ್ಟೇ.

ಗ್ರೂಮ್ ಮಾಡಿದ ರನ್‌ನಲ್ಲಿ (ಸ್ಕೀ ಮಾಡುತ್ತಾ ಇಳಿಯುವ ದಾರಿಯಲ್ಲಿ) ಎರಡೂ ಸ್ಕೀ ಸಮಾನಾಂತರವಾಗಿ ಇಟ್ಟುಕೊಂಡು ತಿರುಗಲು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಸ್ನೋಪ್ಲೋದಲ್ಲೇ ಇರುವವರು ಸ್ವಲ್ಪ ಕಾಯುವುದು ಒಳ್ಳೆಯದು, ಯಾಕೆಂದರೆ ಸ್ಕೀಗಳನ್ನು ‘ವಿ’ ಆಕಾರಕ್ಕೆ ತಂದು ನಿಲ್ಲಿಸುವ ಆ ಉಪಾಯ ಆಳವಾದ ಹಿಮದಲ್ಲಿ ನಡೆಯುವುದಿಲ್ಲ. ಎರಡು ಸ್ಕೀ ಎರಡು ದಿಕ್ಕಿಗೆ ಹೋಗುತ್ತವೆ, ಮೊಣಕಾಲಿಗೆ ಅಪಾಯ.

ಮೊದಲು ಹಿಮದ ವಿಷಯ. ಇದು ಅರ್ಥವಾದರೆ ಉಳಿದದ್ದಕ್ಕೆಲ್ಲ ಕಾರಣ ತಾನಾಗಿಯೇ ಸಿಗುತ್ತದೆ. ಆಗತಾನೇ ಬಿದ್ದ ಒಣ ಹಿಮ ಘನ ಮೀಟರಿಗೆ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ಅಷ್ಟೇ ಜಾಗದ ನೀರು 1000 ಕಿಲೋ. ಅಂದರೆ ನಮ್ಮ ಕಾಲ ಕೆಳಗಿರುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಯೇ! ಯಂತ್ರ ಓಡಿಸಿ ಒತ್ತಿದ ಹಿಮ ಇದಕ್ಕಿಂತ ನಾಲ್ಕೈದು ಪಟ್ಟು ಗಟ್ಟಿ. ಅದರ ಮೇಲೆ ನಾವು ನಿಲ್ಲುವುದು ಸ್ಕೀಯ ಲೋಹದ ಎಡ್ಜ್ ಮೇಲೆ. ಎಡ್ಜ್ ಕಚ್ಚಿತು ಅಂದರೆ ಆಧಾರ ಸಿಕ್ಕಿತು, ಅದೂ ತಕ್ಷಣ. ಪೌಡರ್‌ನಲ್ಲಿ ಕಚ್ಚಲು ಏನೂ ಇಲ್ಲ. ಸ್ಕೀ ಹಿಮದೊಳಗೆ ಇಳಿಯುತ್ತಾ ಇಳಿಯುತ್ತಾ ತನ್ನ ಅಡಿಯ ಹಿಮವನ್ನು ಒತ್ತಿಕೊಂಡು ಹೋಗುತ್ತದೆ, ಆ ಒತ್ತಿದ ಹಿಮ ನಮ್ಮ ಭಾರ ಹೊರುವಷ್ಟು ಗಟ್ಟಿಯಾದಾಗ ಇಳಿಯುವುದು ನಿಲ್ಲುತ್ತದೆ. ಇದಕ್ಕೆ ಒಂದು ಕ್ಷಣ ಬೇಕು. ಆ ಒಂದು ಕ್ಷಣ ಕಾಯುವುದೇ ಪೌಡರ್ ಸ್ಕೀಯಿಂಗ್‌ನ ಅರ್ಧ ವಿದ್ಯೆ.

ಇನ್ನೊಂದು ವಿಷಯ ವೇಗ. ನಿಂತಲ್ಲೇ ನಿಂತರೆ ಸ್ಕೀ ಆಳಕ್ಕೆ ಹೋಗುತ್ತದೆ, ವೇಗ ಬಂದಾಗ ಮೇಲೆ ಏಳುತ್ತದೆ. ನೀರಿನ ಮೇಲೆ ದೋಣಿ ವೇಗ ಹಿಡಿದಾಗ ಮೂತಿ ಎತ್ತಿ ತೇಲುವುದೂ ಇದೇ ಬಲದಿಂದ. ಹಿಮವನ್ನು ಕೆಳಕ್ಕೂ ಮುಂದಕ್ಕೂ ತಳ್ಳಿದಾಗ ಅದು ತಿರುಗಿ ಮೇಲಕ್ಕೆ ತಳ್ಳುತ್ತದೆ, ವೇಗ ಜಾಸ್ತಿಯಾದಷ್ಟೂ ಆ ತಳ್ಳು ಜಾಸ್ತಿ. ಸೈಕಲ್ ಕಲಿಯುವಾಗ ನಿಧಾನಕ್ಕೆ ಹೋದಷ್ಟೂ ತೂಗಾಡುತ್ತೇವಲ್ಲ, ಇಲ್ಲೂ ಹಾಗೆಯೇ: ಹೆದರಿ ವೇಗ ಕಡಿಮೆ ಮಾಡಿದಷ್ಟೂ ಬ್ಯಾಲೆನ್ಸ್ ಕಷ್ಟ. ಹಾಗಂತ ಕಡಿದಾದ ಜಾಗದಲ್ಲಿ ಹುಚ್ಚಾಪಟ್ಟೆ ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಹಿಮವೇ ಬ್ರೇಕ್ ಇದ್ದ ಹಾಗೆ ತಡೆಯುತ್ತದೆ, ಗ್ರೂಮ್ ಮಾಡಿದ ರನ್‌ನಲ್ಲಿ ಭಯವಾಗುವಷ್ಟು ವೇಗ ಕೊಡುವ ಇಳಿಜಾರು ಮೊಣಕಾಲುದ್ದ ಹಿಮದಲ್ಲಿ ಆರಾಮಾಗಿ ಸಾಗುತ್ತದೆ. ಅದಕ್ಕೇ ತೀರಾ ಸಪಾಟಾದ ಜಾಗದಲ್ಲಿ ಪೌಡರ್ ಕಲಿಯಲು ಹೋಗಬೇಡಿ. ಅಲ್ಲಿ ಹೂತುಕೊಂಡು ನಿಲ್ಲುವುದೇ ಜಾಸ್ತಿ, ಬೇಸರ ಬರುತ್ತದೆ. ನೇರ ಇಳಿದರೂ ತೀರಾ ವೇಗ ಬಾರದ, ಆದರೆ ನಿಲ್ಲದೆ ಜಾರುವ ಇಳಿಜಾರು ಬೇಕು. ಕೆಳಗೆ ಉದ್ದಕ್ಕೆ ಸಮತಟ್ಟಾದ ಜಾಗ ಇದ್ದರೆ ಇನ್ನೂ ಒಳ್ಳೆಯದು, ನಿಲ್ಲುವ ಚಿಂತೆ ಇರುವುದಿಲ್ಲ.

ಈಗ ಹಿಂದಕ್ಕೆ ವಾಲಿದರೆ ಏನಾಗುತ್ತದೆ ನೋಡಿ. ಭಾರವೆಲ್ಲ ಸ್ಕೀಯ ಹಿಂಭಾಗಕ್ಕೆ, ಅಂದರೆ ಟೇಲ್‌ಗೆ ಹೋಗುತ್ತದೆ. ಟೇಲ್ ಮುಳುಗುತ್ತದೆ, ಟಿಪ್, ಅಂದರೆ ಮುಂದಿನ ತುದಿ, ಮೇಲಕ್ಕೆದ್ದು ಗಾಳಿಯಲ್ಲಿ ನಿಲ್ಲುತ್ತದೆ. ಟಿಪ್ ಮುಳುಗಲಿಲ್ಲವಲ್ಲ, ಸರಿಯೇ ಆಯಿತಲ್ಲ ಅಂತ ಅನಿಸಬಹುದು. ಆದರೆ ತಿರುಗಬೇಕಾದ ಸ್ಕೀಯ ಮುಂಭಾಗ ಹಿಮವನ್ನೇ ಮುಟ್ಟುತ್ತಿಲ್ಲ, ಮುಳುಗಿದ ಹಿಂಭಾಗವನ್ನು ಪಕ್ಕಕ್ಕೆ ಸರಿಸಲು ಅಷ್ಟು ಹಿಮವನ್ನು ನೂಕಬೇಕು. ಕಾಲಿನಿಂದ ಆಗುವುದಿಲ್ಲ ಅಂದಾಗ ಜನ ಭುಜ ತಿರುಗಿಸುತ್ತಾರೆ, ಇಡೀ ಮೈ ಬೀಸುತ್ತಾರೆ, ಒಂದು ಟರ್ನ್ ಹೇಗೋ ಆಗುತ್ತದೆ, ಮುಂದಿನದಕ್ಕೆ ಮೈ ಇನ್ನೂ ಆ ಕಡೆಯೇ ತಿರುಗಿಕೊಂಡಿರುತ್ತದೆ. ಬೀಳುವುದು ಅಲ್ಲಿ. ತೊಡೆ ಉರಿಯುವುದಕ್ಕೂ ಇದೇ ಕಾರಣ, ಮೂಳೆಗಳ ಮೇಲೆ ನಿಲ್ಲಬೇಕಾದ ಭಾರವನ್ನೆಲ್ಲ ತೊಡೆಯ ಸ್ನಾಯುವೊಂದೇ ಎಳೆದು ಹಿಡಿದಿರುತ್ತದೆ.

ಈ ಸಲಹೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ನನಗೆ ತೋಚುವುದು ಹಳೆಯ ಸ್ಕೀಗಳು. 1940ರ ದಶಕದಲ್ಲಿ ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ಡಿಕ್ ಡ್ಯೂರೆನ್ಸ್, ಆಲ್ಫ್ ಎಂಗೆನ್ ಅವರಂಥ ಸ್ಕೀ ಪಟುಗಳು ಆಳವಾದ ಹಿಮದಲ್ಲಿ ತಿರುಗುವ ವಿಧಾನವನ್ನು ತಿದ್ದಿ ರೂಪಿಸುತ್ತಿದ್ದಾಗ ಕಾಲಲ್ಲಿ ಇದ್ದದ್ದು ಎರಡು ಮೀಟರಿಗೂ ಉದ್ದದ, ಕಿರಿದಾದ ಮರದ ಸ್ಕೀಗಳು. ಅವು ತೇಲುವುದು ಕಷ್ಟ, ಟಿಪ್ ಮುಳುಗುವುದು ಸುಲಭ. ಅಂಥ ಸ್ಕೀಯಲ್ಲಿ ಸ್ವಲ್ಪ ಹಿಂದೆ ನಿಲ್ಲುವ ಆಸೆ ಬಂದರೆ ತಪ್ಪಿಲ್ಲ. 1980ರ ದಶಕದ ಕೊನೆಗೆ ಅಟಾಮಿಕ್ ಕಂಪನಿ ತೀರಾ ಅಗಲದ ಪೌಡರ್ ಸ್ಕೀ ತಂದಿತು. 2000ರ ದಶಕದ ಆರಂಭದಲ್ಲಿ ಸ್ಕೀ ಪಟು ಶೇನ್ ಮೆಕಾಂಕಿ ಅವರ ಕಲ್ಪನೆಯಿಂದ ವೋಲಾಂಟ್ ಕಂಪನಿಯ ಸ್ಪ್ಯಾಚುಲಾ ಬಂತು, ಅದರ ಎರಡೂ ತುದಿ ಮೇಲಕ್ಕೆ ಬಾಗಿದ್ದವು, ನಡುಭಾಗವೇ ಹೆಚ್ಚು ಅಗಲವಾಗಿತ್ತು. ನೀರಿನ ಮೇಲಿನ ಸ್ಕೀ ನೋಡಿ ಹುಟ್ಟಿದ ಯೋಚನೆ ಅದು. ಹಿಮವೂ ಹರಿಯುವ ವಸ್ತುವಿನ ಹಾಗೆ ವರ್ತಿಸುತ್ತದೆ, ಹಾಗಿದ್ದ ಮೇಲೆ ಸ್ಕೀ ಯಾಕೆ ಗಟ್ಟಿ ನೆಲಕ್ಕೆ ಮಾಡಿದ ಆಕಾರದಲ್ಲೇ ಇರಬೇಕು ಅನ್ನುವ ಅವರ ಪ್ರಶ್ನೆ ಎಷ್ಟು ಸರಿ ಅಲ್ವಾ! ಇವತ್ತು ಅಂಗಡಿಯಲ್ಲಿ ಸಿಗುವ ಬಹುತೇಕ ಎಲ್ಲ ಪೌಡರ್ ಸ್ಕೀಗಳಲ್ಲೂ ಟಿಪ್ ಮುಂಚೆಯಿಂದಲೇ ಮೇಲೆದ್ದಿರುತ್ತದೆ, ಅದನ್ನೇ ರಾಕರ್ ಅನ್ನುವುದು. ಟಿಪ್ ಎತ್ತುವ ಕೆಲಸ ಸ್ಕೀಯೇ ಮಾಡುತ್ತಿದೆ. ನಾವು ಮತ್ತೆ ಹಿಂದಕ್ಕೆ ವಾಲಿ ಆ ಕೆಲಸ ಮಾಡುವ ಅಗತ್ಯ ಇಲ್ಲ.

ಹಾಗಾದರೆ ಎಲ್ಲಿ ನಿಲ್ಲಬೇಕು? ನಡುವೆ. ಅಂಗಾಲಿನ ಪೂರ್ತಿ ಉದ್ದಕ್ಕೂ ಭಾರ ಇರಬೇಕು, ಹಿಮ್ಮಡಿಯಲ್ಲೂ ಮುಂಪಾದದಲ್ಲೂ. ಗ್ರೂಮ್ ಮಾಡಿದ ರನ್‌ನಲ್ಲಿ ನಾವು ಬೂಟಿನ ನಾಲಿಗೆಗೆ ಕಣಕಾಲನ್ನು ಜೋರಾಗಿ ಒತ್ತುತ್ತೇವೆ. ಇಲ್ಲಿ ಅಷ್ಟು ಜೋರು ಬೇಡ, ಆದರೆ ಮುಟ್ಟಿರಲೇಬೇಕು. ಕಣಕಾಲಿನ ಮುಂಭಾಗ ಬೂಟಿನಿಂದ ದೂರವಾಗಿ, ಹಿಂಭಾಗದ ಮೀನಖಂಡ ಬೂಟಿಗೆ ಒರಗಿದೆ ಅಂದರೆ ನೀವು ಹಿಂದೆ ಹೋಗಿದ್ದೀರಿ. ಇದನ್ನು ಪರೀಕ್ಷಿಸಲು ಕನ್ನಡಿ ಬೇಡ, ಬೇರೆಯವರೂ ಬೇಡ, ಕಾಲೇ ಹೇಳುತ್ತದೆ. ನಾನು ಟರ್ನ್ ನಡುವೆ ಸುಮ್ನೆ ಗಮನವನ್ನು ಅಲ್ಲಿಗೆ ಒಯ್ದು ನೋಡುತ್ತೇನೆ: ಮುಂಭಾಗ ಮುಟ್ಟಿದೆಯಾ, ಇಲ್ಲವಾ?

ಮುಂದೆ ಬರಬೇಕು ಅಂದಾಗ ಎಷ್ಟೋ ಜನ ಸೊಂಟದಿಂದ ಬಗ್ಗಿ ಎದೆಯನ್ನು ಮುಂದಕ್ಕೆ ಚಾಚುತ್ತಾರೆ. ಇದು ಮೋಸ, ಯಾಕೆಂದರೆ ಎದೆ ಮುಂದೆ ಬಂದಷ್ಟೂ ಸೊಂಟ ಹಿಂದಕ್ಕೆ ಹೋಗಿರುತ್ತದೆ, ಲೆಕ್ಕ ಸರಿಹೋಗುವುದಿಲ್ಲ. ಬಾಗಬೇಕಾದ್ದು ಪಾದದ ಕೀಲು. ಅದು ಬಾಗಿದರೆ ಮೊಣಕಾಲು ಮುಂದೆ ಬರುತ್ತದೆ, ಮೊಣಕಾಲು ಬಂದರೆ ಸೊಂಟ ಪಾದದ ಮೇಲೆ ಬರುತ್ತದೆ. ಬೂಟು ತೀರಾ ಗಟ್ಟಿಯಾಗಿದ್ದು ಪಾದದ ಕೀಲು ಬಾಗಲು ಬಿಡದಿದ್ದರೆ ಏನು ಮಾಡಿದರೂ ಹಿಂದೆಯೇ ಇರುತ್ತೀರಿ, ಹಾಗಾಗಿ ಮೇಲಿನ ಬಕಲನ್ನು ಒಂದು ಹಲ್ಲು ಸಡಿಲ ಮಾಡಿ ನೋಡುವುದು ಒಳ್ಳೆಯದು. ಕೈಗಳು ಮುಂದೆ, ಕಣ್ಣಿನ ಅಂಚಿನಲ್ಲಿ ಎರಡೂ ಕಾಣುವ ಹಾಗೆ, ಮೊಣಕೈ ಮೈಯಿಂದ ಸ್ವಲ್ಪ ದೂರ. ಒಂದು ಕೈ ಹಿಂದೆ ಬಿದ್ದರೂ ಭುಜ ಅದರ ಜೊತೆ ಹೋಗುತ್ತದೆ, ಸೊಂಟವೂ. ನೋಟ ದೂರದಲ್ಲಿರಲಿ. ಟಿಪ್ ಕಾಣಿಸುತ್ತಿಲ್ಲ, ಹಿಮದೊಳಗೆ ಎಲ್ಲಿ ಹೋಯಿತೋ ಅಂತ ಕೆಳಗೆ ಬಗ್ಗಿ ಹುಡುಕುವ ಅಭ್ಯಾಸ ಬಿಡುವುದು ಕಷ್ಟ, ಆದರೆ ಬಿಡಲೇಬೇಕು. ಸ್ಕೀ ಕಾಣದಿರುವುದು ಇಲ್ಲಿ ಸಹಜ.

ಎರಡನೆಯ ದೊಡ್ಡ ಬದಲಾವಣೆ ಕಾಲುಗಳದ್ದು. ಗಟ್ಟಿ ಹಿಮದ ಮೇಲೆ ಟರ್ನ್ ಮಾಡುವಾಗ ಹೊರಗಿನ ಸ್ಕೀ ಮೇಲೆ ಹೆಚ್ಚಿನ ಭಾರ ಹಾಕಬೇಕು ಅಂತ ಕಲಿತಿರುತ್ತೇವೆ, ಅದು ಅಲ್ಲಿ ಸರಿಯೇ. ಪೌಡರ್‌ನಲ್ಲಿ ಹೀಗೆ ಮಾಡಿದರೆ ಭಾರ ಬಿದ್ದ ಸ್ಕೀ ಮುಳುಗುತ್ತದೆ, ಭಾರ ಇಲ್ಲದ ಒಳಗಿನ ಸ್ಕೀ ತೇಲಿ ಎಲ್ಲೋ ಹೋಗುತ್ತದೆ. ಒಂದು ಕೆಳಗೆ, ಒಂದು ಮೇಲೆ, ನಾವು ನಡುವೆ. ಅದಕ್ಕೆ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮನಾಗಿ ಭಾರ ಹಂಚಬೇಕು. ನೂರಕ್ಕೆ ನೂರು ಸಮ ಆಗಬೇಕಿಲ್ಲ, ಹೊರಗಿನದರ ಮೇಲೆ ಒಂದು ತೂಕ ಹೆಚ್ಚಿದ್ದರೂ ನಡೆಯುತ್ತದೆ. ಕಾಲುಗಳ ನಡುವಿನ ಅಂತರ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಹಿಂದಿನ ಕಾಲದವರ ಹಾಗೆ ಮೊಣಕಾಲು ಮೊಣಕಾಲಿಗೆ ಅಂಟಿಸುವುದು ಬೇಡ, ಈಗಿನ ಅಗಲ ಸ್ಕೀಗಳಲ್ಲಿ ಅದು ಸಾಧ್ಯವೂ ಇಲ್ಲ. ಎರಡೂ ಸ್ಕೀ ಸೇರಿ ಒಂದೇ ಹಲಗೆ ಅಂತ ಅಂದುಕೊಂಡು ಓರೆ ಮಾಡಿದರೆ ಸಾಕು. ಕಲಿಯುವವರಲ್ಲಿ ನಾನು ಹೆಚ್ಚು ನೋಡುವುದು ಒಳಗಿನ ಕಾಲನ್ನು ಮರೆಯುವುದನ್ನು. ಆ ಕಾಲಿನ ಮೇಲೂ ನಿಲ್ಲಿ, ಅದನ್ನೂ ಓರೆ ಮಾಡಿ. ಎಡಕ್ಕೆ ತಿರುಗುವಾಗ ಎಡಗಾಲಿನ ಕಿರುಬೆರಳಿನ ಕಡೆ ಭಾರ ಇದೆಯಾ ಅಂತ ಗಮನಿಸಿದರೆ ಇದು ಬೇಗ ಬರುತ್ತದೆ.

ಇಷ್ಟಾದ ಮೇಲೆ ಟರ್ನ್. ಇಲ್ಲಿಯೇ ನನಗೆ ಅತ್ಯಂತ ಇಷ್ಟವಾಗುವ ವಿಷಯ ಇರುವುದು. ಪೌಡರ್‌ನಲ್ಲಿ ಸ್ಕೀಯನ್ನು ನಾವು ತಿರುಗಿಸುವುದಿಲ್ಲ, ಬಾಗಿಸುತ್ತೇವೆ. ನಡುವೆ ನಿಂತು ಎರಡೂ ಕಾಲಿನಿಂದ ಕೆಳಕ್ಕೆ ಒತ್ತಿದರೆ ಸ್ಕೀಯ ನಡುಭಾಗ ಹಿಮದೊಳಗೆ ಇಳಿಯುತ್ತದೆ, ತುದಿಗಳು ಮೇಲೇಳುತ್ತವೆ. ಬಾಗಿದ ಆ ಸ್ಕೀಯನ್ನು ಸ್ವಲ್ಪ ಒಂದು ಕಡೆಗೆ ಓರೆ ಮಾಡಿದರೆ ಅದು ತನ್ನ ಬಾಗಿಗೆ ತಕ್ಕ ಹಾಗೆ ಕಮಾನಾಗಿ ಹೋಗುತ್ತದೆ. ಹಿಂದೆ ವಾಲಿ ನಿಂತವರ ಸ್ಕೀ ಬಾಗುವುದೇ ಇಲ್ಲ, ಅದಕ್ಕೇ ತಿರುಗುವುದೂ ಇಲ್ಲ. ಹಿಂದಕ್ಕೆ ವಾಲಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಬೀಳದಿರಲಿ ಅಂತ ಮಾತ್ರ ಅಲ್ಲ, ಟರ್ನ್ ಹುಟ್ಟುವುದೇ ನಡುವೆ ನಿಂತಾಗ ಅಂತ.

ಒತ್ತುವಾಗ ಕಾಲು ನಿಧಾನವಾಗಿ ಉದ್ದವಾಗಬೇಕು. ಹಿಮ ಅಡಿಯಲ್ಲಿ ಗಟ್ಟಿಯಾಗುತ್ತಾ ಬಂದು, ಬಾಗಿದ ಸ್ಕೀ ತಿರುಗಿ ನೆಟ್ಟಗಾಗಲು ನೋಡುತ್ತದೆ, ಆಗ ನಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳು ಬಂದ ಹೊತ್ತಿಗೆ ಮೊಣಕಾಲು ಸಡಿಲ ಬಿಟ್ಟು ಪಾದಗಳು ಮೈ ಕೆಳಗೆ ಮೇಲೇಳಲು ಬಿಡಬೇಕು. ಸ್ಕೀಗಳು ಮೇಲ್ಮೈಗೆ ಹತ್ತಿರ ಬಂದು ಹಗುರಾದ ಆ ಗಳಿಗೆಯಲ್ಲಿ ಇನ್ನೊಂದು ಕಡೆಗೆ ಓರೆ ಮಾಡಿದರೆ ಮುಂದಿನ ಟರ್ನ್ ಶುರು. ಮತ್ತೆ ಒತ್ತು, ಮತ್ತೆ ಕಾಯಿ, ಮತ್ತೆ ಬಿಡು. ಮೊದಮೊದಲು ಜನ ಈ ಮೂರರಲ್ಲಿ ನಡುವಿನದನ್ನು ಬಿಟ್ಟುಬಿಡುತ್ತಾರೆ. ಒತ್ತಿದ ತಕ್ಷಣ ಏನೂ ಆಗಲಿಲ್ಲ ಅಂತ ಗಾಬರಿಯಾಗಿ ಕಾಲನ್ನು ಝಾಡಿಸಿ ತಿರುಗಿಸುತ್ತಾರೆ. ಸ್ಕೀ ಅಡ್ಡಡ್ಡ ನಿಲ್ಲುತ್ತದೆ, ಹಿಮ ಪಕ್ಕದಿಂದ ಬಂದು ಕಾಲನ್ನು ಹಿಡಿದುಬಿಡುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಗಟ್ಟಿ ಹಿಮದಲ್ಲಿ ಸ್ಕೀಯನ್ನು ಅಡ್ಡ ತಂದು ಗಕ್ಕನೆ ನಿಲ್ಲಿಸುವ ರೂಢಿ ಇರುವವರು ಇದನ್ನು ಮರೆಯಲು ಸಮಯ ತೆಗೆದುಕೊಳ್ಳುತ್ತಾರೆ. ಪೌಡರ್‌ನಲ್ಲಿ ನಿಲ್ಲಬೇಕು ಅಂದರೆ ಟರ್ನನ್ನು ಮುಗಿಸದೆ ಹಾಗೇ ಬೆಳೆಸಿಕೊಂಡು ಇಳಿಜಾರಿನ ಮೇಲ್ಭಾಗಕ್ಕೆ ಹೋಗಿ ನಿಲ್ಲುವುದು ಸರಿಯಾದ ದಾರಿ.

ಟರ್ನ್‌ಗಳು ದುಂಡಗಿರಲಿ, ಆದರೆ ಇಳಿಜಾರಿಗೆ ಅಡ್ಡಡ್ಡ ಬಹಳ ದೂರ ಹೋಗಬೇಡಿ. ನೀರು ಸುರಿದರೆ ಯಾವ ದಾರಿಯಲ್ಲಿ ಇಳಿಯುತ್ತದೋ ಆ ಫಾಲ್ ಲೈನ್ ಸುತ್ತಮುತ್ತಲೇ ಇದ್ದರೆ ವೇಗ ಉಳಿಯುತ್ತದೆ, ವೇಗ ಉಳಿದರೆ ತೇಲುವುದೂ ಉಳಿಯುತ್ತದೆ. ಎದೆ ಹೆಚ್ಚುಕಡಿಮೆ ಕೆಳಗಿನ ಕಡೆಗೇ ಮುಖ ಮಾಡಿರಲಿ, ಕಾಲುಗಳು ಕೆಳಗೆ ಅತ್ತಿತ್ತ ಹೋಗಲಿ.

ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಪೋಲ್ ಬಗ್ಗೆ ಒಂದೆರಡು ಮಾತು ಸಾಕು. ಅದು ಊರಿಕೊಳ್ಳಲು ಅಲ್ಲ, ಲಯ ಹಿಡಿಯಲು. ಆಳವಾದ ಹಿಮದಲ್ಲಿ ಊರಿದರೆ ಪೋಲ್ ಒಳಗೆ ಹೋಗಿ ಕೈಯನ್ನೂ ಭುಜವನ್ನೂ ಎಳೆಯುತ್ತದೆ. ಮಣಿಕಟ್ಟಿನಿಂದ ಬೀಸಿ ಹಿಮವನ್ನು ಮುಟ್ಟಿದ ಹಾಗೆ ಮಾಡಿ, ಅಷ್ಟೇ. ತುದಿಯಲ್ಲಿರುವ ದುಂಡು ಬಿಲ್ಲೆ, ಅಂದರೆ ಬಾಸ್ಕೆಟ್, ಅಗಲದ್ದು ಹಾಕಿಸಿಕೊಳ್ಳಿ, ಕಿರಿದಾದದ್ದು ಪೌಡರ್‌ನಲ್ಲಿ ಇದ್ದೂ ಇಲ್ಲದ ಹಾಗೆ.

ಅಭ್ಯಾಸ ಯಾವ ಕ್ರಮದಲ್ಲಿ ಮಾಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು, ಟರ್ನ್ ಮರೆತುಬಿಡಿ. ಗ್ರೂಮ್ ಮಾಡಿದ ರನ್‌ನ ಅಂಚಿನಲ್ಲಿ ಒಂದೆರಡು ಅಡಿ ಅಗಲದಷ್ಟು ಮುಟ್ಟದ ಹಿಮ ಉಳಿದಿರುತ್ತದೆ, ಅದಕ್ಕೆ ಇಳಿದು ಹಾಗೇ ಸಾಗಿ, ಮತ್ತೆ ಗಟ್ಟಿ ಹಿಮಕ್ಕೆ ಬನ್ನಿ. ಹಿಮ ಕಾಲನ್ನು ಹಿಡಿಯುವುದು, ಬಿಡುವುದು ಹೇಗಿರುತ್ತದೆ ಅಂತ ಕಾಲಿಗೆ ಗೊತ್ತಾಗಲಿ. ಗಟ್ಟಿಯಿಂದ ಮೆತ್ತನೆಯದಕ್ಕೆ ಹೋಗುವಾಗ ಸ್ಕೀ ಒಮ್ಮೆಲೇ ನಿಧಾನವಾಗುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಆ ಒಂದು ಗಳಿಗೆ ಮಾತ್ರ ಪಾದಗಳನ್ನು ಸ್ವಲ್ಪ ಮುಂದಕ್ಕೆ ನೂಕಿ ಎದುರಿಸಬಹುದು, ಆಮೇಲೆ ತಕ್ಷಣ ನಡುವಿಗೆ ಬರಬೇಕು. ನಂತರ ಸಾಧಾರಣ ಇಳಿಜಾರಿನಲ್ಲಿ ನೇರವಾಗಿ ಕೆಳಗೆ ಹೋಗುತ್ತಾ ಮೇಲೆ ಕೆಳಗೆ ಕುಣಿಯಿರಿ, ಎರಡೂ ಕಾಲಿನಿಂದ ಒತ್ತಿ ಬಿಡುವುದು. ಕುಣಿತಕ್ಕೆ ಹಿಮ ಉತ್ತರ ಕೊಡುವುದು ಗೊತ್ತಾಗಲು ಶುರುವಾಗುತ್ತದೆ. ಆ ಕುಣಿತ ನಿಲ್ಲಿಸದೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಸ್ವಲ್ಪವೇ ಓರೆ ಮಾಡಿ. ದಾರಿ ನೇರ ಗೆರೆ ಬಿಟ್ಟು ಸಣ್ಣಗೆ ಸುತ್ತಿ ಸುತ್ತಿ ಹೋಗಿರುವುದು ಹಿಂದೆ ತಿರುಗಿ ನೋಡಿದರೆ ಕಾಣುತ್ತದೆ. ಆ ಗೆರೆ ನೋಡುವ ಖುಷಿಯೇ ಬೇರೆ. ಅಲ್ಲಿಂದ ಮುಂದೆ ಟರ್ನ್ ದೊಡ್ಡದು ಮಾಡುವುದಷ್ಟೇ ಬಾಕಿ.

ಸ್ಕೀ ಎಂಥದ್ದು ಬೇಕು ಅಂದರೆ, ಕಾಲಡಿಯ ಅಗಲ ನೋಡಿ. ಗ್ರೂಮ್ ಮಾಡಿದ ರನ್‌ಗೆ ಮಾಡಿದ ಸ್ಕೀಗಳು ಸಾಮಾನ್ಯವಾಗಿ 70ರಿಂದ 85 ಮಿಲಿಮೀಟರ್ ಇರುತ್ತವೆ, ಪೌಡರ್‌ಗೆ ಅಂತ ಮಾಡಿದವು 105ರಿಂದ 120. ಕಲಿಯುವವರು ದಿನದ ಬಾಡಿಗೆಗೆ 100ರ ಆಸುಪಾಸಿನದ್ದು ತೆಗೆದುಕೊಂಡರೆ ಎರಡೂ ಕಡೆ ನಡೆಯುತ್ತದೆ. ತೀರಾ ಗಡುಸಾದ ಸ್ಕೀ ಬೇಡ, ಬಾಗಿಸಲು ಆಗುವುದಿಲ್ಲ. ಕಿರಿದಾದ ಸ್ಕೀಯಲ್ಲಿ ಪೌಡರ್ ಆಗುವುದೇ ಇಲ್ಲ ಅಂತಲ್ಲ, ಆಗುತ್ತದೆ, ಆದರೆ ಕಲಿಯುವ ಹೊತ್ತಿಗೆ ಅಗಲ ಸ್ಕೀ ಕೊಡುವ ಧೈರ್ಯ ದೊಡ್ಡದು.

ಹಿಮವೂ ಎಲ್ಲ ದಿನ ಒಂದೇ ಥರ ಇರುವುದಿಲ್ಲ, ಇದನ್ನು ತಿಳಿಯದೆ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಸೈಬೀರಿಯಾದ ಚಳಿಗಾಳಿ ಜಪಾನ್ ಸಮುದ್ರದ ಮೇಲೆ ಹಾದು ತೇವ ಹೀರಿಕೊಂಡು ಜಪಾನಿನ ಹೊಕ್ಕೈಡೋ ದ್ವೀಪದಲ್ಲಿ ಸುರಿಸುವ ಹಿಮ, ಯೂಟಾದ ಬೆಟ್ಟಗಳ ಹಿಮ, ಇವು ಹಗುರಕ್ಕೆ ಹೆಸರಾದವು. ಕರಾವಳಿಗೆ ಹತ್ತಿರದ ಬೆಟ್ಟಗಳಲ್ಲಿ, ಅಥವಾ ಸೊನ್ನೆ ಡಿಗ್ರಿ ಸುತ್ತಮುತ್ತ ಬಿದ್ದಾಗ, ಅದೇ ಆಳದ ಹಿಮ ಎರಡು ಮೂರು ಪಟ್ಟು ಭಾರ ಇರುತ್ತದೆ. ಭಾರದ ಹಿಮದಲ್ಲಿ ಎಲ್ಲವನ್ನೂ ಇನ್ನೂ ನಿಧಾನವಾಗಿ, ಇನ್ನೂ ದುಂಡಗೆ ಮಾಡಬೇಕು, ಓರೆ ಮಾಡುವುದೂ ಕಡಿಮೆ. ಗಾಳಿ ಬಡಿದು ಮೇಲೆ ಹೊರಪದರ ಕಟ್ಟಿದ ಹಿಮ ಇನ್ನೂ ಕಷ್ಟ: ಒಂದು ಕಡೆ ಹೊರುತ್ತದೆ, ಮತ್ತೊಂದು ಕಡೆ ಒಡೆದು ಕಾಲು ಒಳಗೆ ಹೋಗುತ್ತದೆ. ಅದು ಕಲಿಯುವವರ ಹಿಮ ಅಲ್ಲ. ಬಿಸಿಲು ಬೀಳುವ ಮಗ್ಗುಲಲ್ಲಿ ಬೆಳಿಗ್ಗೆ ಹಗುರ ಇದ್ದದ್ದು ಮಧ್ಯಾಹ್ನಕ್ಕೆ ಒದ್ದೆ ಭಾರವಾಗಿರುತ್ತದೆ, ಆಗ ನೆರಳಿನ ಮಗ್ಗುಲಿಗೆ ಹೋಗಿ. ಹೊಸ ಹಿಮ ಬಿದ್ದ ದಿನ ಬೆಳಿಗ್ಗೆ ಬೇಗ ಏಳುವವರನ್ನು ನೋಡಿ ನಗಬೇಡಿ, ಅವರು ಸರಿ.

ಬೀಳುತ್ತೀರಿ, ಮೆತ್ತಗೆ ಬೀಳುತ್ತೀರಿ, ಅದು ಚಿಂತೆ ಅಲ್ಲ. ಏಳುವುದು ಚಿಂತೆ. ಕೈ ಊರಿದರೆ ಭುಜದವರೆಗೆ ಒಳಗೆ ಹೋಗುತ್ತದೆ. ಮೊದಲು ಸ್ಕೀಗಳನ್ನು ಮೈಗಿಂತ ಕೆಳಗಿನ ಕಡೆಗೆ, ಇಳಿಜಾರಿಗೆ ಅಡ್ಡವಾಗಿ ತಂದುಕೊಳ್ಳಿ. ಎರಡು ಪೋಲ್‌ಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ಹಿಮದ ಮೇಲೆ ಮಲಗಿಸಿ, ಅವು ಸೇರುವ ಜಾಗಕ್ಕೆ ಕೈ ಊರಿ ಎದ್ದೇಳಿ. ಸ್ಕೀ ಬಿಚ್ಚಿಕೊಂಡಿದ್ದರೆ ಅದು ಸಾಮಾನ್ಯವಾಗಿ ನೀವು ನಿಂತ ಜಾಗಕ್ಕಿಂತ ಮೇಲೆ, ಬೀಳಲು ಶುರುವಾದ ಕಡೆ ಹೂತಿರುತ್ತದೆ, ಕೆಳಗೆ ಹುಡುಕಿ ಸಮಯ ಕಳೆಯಬೇಡಿ. ಪೋಲ್ ಅಥವಾ ಇನ್ನೊಂದು ಸ್ಕೀಯ ಟೇಲನ್ನು ಹಿಮದಲ್ಲಿ ಅಡ್ಡಡ್ಡ ಕೊಯ್ಯುತ್ತಾ ಸಾಲು ಸಾಲಾಗಿ ಹುಡುಕಿದರೆ ತಾಗುತ್ತದೆ. ತಿರುಗಿ ಹಾಕಿಕೊಳ್ಳುವ ಮುಂಚೆ ಹಿಮವನ್ನು ತುಳಿದು ಗಟ್ಟಿ ಮಾಡಿ, ಬೂಟಿನ ಅಡಿಗೆ ಮೆತ್ತಿದ ಹಿಮ ಪೂರ್ತಿ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂತ ಹಾಗೆ ಕಂಡು ಕೂತಿರುವುದಿಲ್ಲ.

ಇನ್ನು ಅಪಾಯದ ಮಾತು, ಇದನ್ನು ಓದದೆ ಹೋಗಬೇಡಿ ದಯವಿಟ್ಟು. ಒಳ್ಳೆಯ ಪೌಡರ್ ಇರುವ ಕಡೆಯೇ ಹಿಮಕುಸಿತವೂ ಇರುತ್ತದೆ. ಚಪ್ಪಡಿಯಾಗಿ ಜಾರುವ ಹಿಮಕುಸಿತಗಳು ಬಹುತೇಕ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡಲು ಎಲ್ಲರೂ ಆಸೆಪಡುವ ಇಳಿಜಾರಿನಲ್ಲೇ. ಹೊಸ ಹಿಮ ಬಿದ್ದ, ಗಾಳಿ ಬೀಸಿದ ಹೊತ್ತು ಅಪಾಯ ಜಾಸ್ತಿ. ರೆಸಾರ್ಟ್‌ನ ಗಡಿಯೊಳಗೆ, ತೆರೆದಿರುವ ರನ್‌ನಲ್ಲೇ ಕಲಿಯಿರಿ. ಹಗ್ಗ ಕಟ್ಟಿದ ಕಡೆ ದಾಟಬೇಡಿ, ಇನ್ನೊಬ್ಬರ ಗುರುತು ಹಿಮದ ಮೇಲೆ ಇದೆ ಅನ್ನುವುದು ಆ ಜಾಗ ಸುರಕ್ಷಿತ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಗಡಿ ದಾಟಿ ಹೋಗುವವರು ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರನ್ನೂ ಒಯ್ಯಬೇಕು, ಬಳಸಲು ಕಲಿತಿರಬೇಕು, ಜೊತೆಗಿರುವವರೂ ಕಲಿತಿರಬೇಕು. ಟ್ರಾನ್ಸೀವರ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಯಾವ ಕಂಪನಿಯದ್ದಾದರೂ ಒಂದನ್ನೊಂದು ಹುಡುಕಬಲ್ಲವು, ಆದರೆ ಹೂತವರು ಬದುಕುವ ಅವಕಾಶ ಮೊದಲ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಬೇಗ ಬೇಗ ಕುಸಿಯುತ್ತದೆ. ಹೊರಗಿನಿಂದ ರಕ್ಷಣೆಯವರು ಬರುವಷ್ಟು ಹೊತ್ತು ಇರುವುದಿಲ್ಲ, ಪಕ್ಕದಲ್ಲಿ ಇದ್ದವರೇ ತೆಗೆಯಬೇಕು.

ಮರಗಳ ನಡುವೆ ಹೋಗುವವರು ಇನ್ನೊಂದು ತಿಳಿದಿರಲಿ. ಪೈನ್, ಫರ್ ಜಾತಿಯ ಮರಗಳ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಸಡಿಲ ಹಿಮದ ಗುಂಡಿ ಉಳಿದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಟ್ರೀ ವೆಲ್ ಅನ್ನುತ್ತಾರೆ. ತಲೆ ಕೆಳಗಾಗಿ ಅದರೊಳಗೆ ಬಿದ್ದರೆ ಒಬ್ಬರೇ ಹೊರಬರುವುದು ತುಂಬಾ ಕಷ್ಟ, ಒದ್ದಾಡಿದಷ್ಟೂ ಹಿಮ ಮೈಮೇಲೆ ಬೀಳುತ್ತದೆ. ಬುಡದಿಂದ ದೂರ ಇರಿ, ಪೋಲ್‌ನ ಪಟ್ಟಿ ಮಣಿಕಟ್ಟಿನಿಂದ ತೆಗೆದಿಡಿ, ಜೊತೆಗಾರರು ಕಣ್ಣಿಗೆ ಕಾಣುವ, ಕೂಗಿದರೆ ಕೇಳುವ ದೂರದಲ್ಲೇ ಇರಲಿ. ಕೆಳಗೆ ಸಿಗೋಣ ಅಂತ ಬೇರೆ ಬೇರೆ ಹೋಗುವುದು ಮರಗಳ ನಡುವೆ ಬೇಡವೇ ಬೇಡ.

ಪೌಡರ್ ಸಿಗದ ದಿನಗಳೇ ಜಾಸ್ತಿ, ಆ ದಿನಗಳನ್ನು ಸುಮ್ನೆ ಕಳೆಯಬೇಕಿಲ್ಲ. ಸುಲಭದ ಗ್ರೂಮ್ ಮಾಡಿದ ರನ್‌ನಲ್ಲಿ ಬೂಟಿನ ಮೇಲಿನ ಎರಡು ಬಕಲ್ ಸಡಿಲ ಬಿಟ್ಟು ನಿಧಾನಕ್ಕೆ ಇಳಿಯಿರಿ. ಒರಗಲು ಬೂಟಿನ ಹಿಂಭಾಗ ಸಿಗುವುದಿಲ್ಲ, ಹಾಗಾಗಿ ಪಾದದ ಮೇಲೆ ನಿಲ್ಲುವುದು ಅನಿವಾರ್ಯವಾಗುತ್ತದೆ. ಇನ್ನೊಂದು, ಇಳಿಜಾರಿಗೆ ಅಡ್ಡವಾಗಿ ಸಾಗುವಾಗ ಸಣ್ಣಗೆ ಎಗರುವುದು. ಎರಡೂ ಸ್ಕೀಗಳು ನೆಲ ಬಿಡುವಷ್ಟು ಮಾತ್ರ. ಟಿಪ್ ಮೊದಲು ಎದ್ದು ಟೇಲ್ ಹಿಮದಲ್ಲೇ ಉಳಿದರೆ ನೀವು ಹಿಂದೆ ಇದ್ದೀರಿ, ಟೇಲ್ ಮೊದಲು ಎದ್ದರೆ ಮುಂದೆ ಹೋಗಿದ್ದೀರಿ. ಟಿಪ್ಪೂ ಟೇಲೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುವವರೆಗೆ ಮಾಡುತ್ತಲೇ ಇರಿ, ಆಮೇಲೆ ಅದನ್ನೇ ಇನ್ನೊಂದು ದಿಕ್ಕಿಗೆ ಸಾಗುವಾಗಲೂ ಮಾಡಿ, ಯಾಕೆಂದರೆ ಎಲ್ಲರಿಗೂ ಒಂದು ಕಡೆ ಸುಲಭ, ಒಂದು ಕಡೆ ಕಷ್ಟ ಇದ್ದೇ ಇರುತ್ತದೆ.